ನಾಲ್ಕನೇ ದಿನದ ಗುರುತು

ಕಲ್ಯಾಣದುರ್ಗದ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಇಸ್ತ್ರಿ ಅಂಗಡಿಯವರೊಬ್ಬರು ಈಗಲೂ ಉಬ್ಬೆ ಹಾಕುತ್ತಾರೆ. ಸೋಡಾ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಹಂಡೆಯ ಬಾಯಿಯ ಮೇಲೆ ಗೋಪುರದ ಹಾಗೆ ಪೇರಿಸಿ, ಕೆಳಗೆ ಕಡ್ಲೆಕಾಯಿ ಸಿಪ್ಪೆಯ ಬೆಂಕಿ ಹಾಕಿ, ಹಬೆಯಲ್ಲಿ ಬೇಯಿಸುವ ಕೆಲಸ ಅದು. ಕಳೆದ ತಿಂಗಳು ಒಂದು ಬೆಳಿಗ್ಗೆ ಆಫೀಸಿಗೆ ಹೊರಟಿದ್ದವಳ ಮೂಗಿಗೆ ಆ ವಾಸನೆ ಬಡಿಯಿತು. ಬೆಂದ ಹತ್ತಿ, ಸೋಡಾ, ಹೊಗೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇಗ ದಾಟಿಬಿಟ್ಟೆ. ವಾಸನೆ ಕೆಟ್ಟದ್ದು ಅಂತ ಅಲ್ಲ. ಹಿಂದೂಪುರದಲ್ಲಿ ಒಂದು ವರ್ಷ ದಿನವೂ ಅದನ್ನೇ ಉಸಿರಾಡಿ, ಅಲ್ಲಿಯ ಜನಕ್ಕೆ ಬಾಯಿ ತುಂಬ ಮಾತು ಕೊಟ್ಟು, ಕೊಟ್ಟ ಮಾತನ್ನು ನನ್ನ ಕೈಯಾರೆ ಅಳಿಸಿ ಬಂದವಳು ನಾನು.

ಪೆನ್ನಾ ಹೊಳೆ ಎಂದು ನಮ್ಮ ಕಡೆಯವರು ಹೇಳಿದರೆ ಅದು ನೀರಲ್ಲ, ಮರಳು. ಹಿಂದೂಪುರದವರಿಗೆ ಅದು ನಡೆದು ದಾಟುವ ಹೊಳೆ, ಕಸ ಸುರಿಯುವ ಹೊಳೆ, ಹಂದಿ ಮೇಯುವ ಹೊಳೆ. ಅಂಥದ್ದರಲ್ಲಿ ಎರಡು ವರ್ಷ ಒಂದರ ಹಿಂದೊಂದು ನೀರು ಬಂತು. ಊರಿನ ಕೆಳಗೆ ಇದ್ದ ಹಳೇ ಅಡ್ಡಗಟ್ಟೆ ತುಂಬಿ, ಅರ್ಧ ಮೈಲಿ ಉದ್ದ ನೀರು ಬೇಸಿಗೆಯ ತನಕ ನಿಂತಿತು. ಜನ ಸಂಜೆ ಹೊತ್ತು ಹೊಸ ಸೊಸೆಯನ್ನು ನೋಡಲು ಬರುವ ಹಾಗೆ ಬಂದು, ದಡದಲ್ಲಿ ಸಾಲಾಗಿ ನಿಂತು ನೋಡಿ ಹೋಗುತ್ತಿದ್ದರು. ಆಗಲೇ ಹೊಳೆದಂಡೆಯನ್ನು ಸುಧಾರಿಸುವ ಮಾತು ಹುಟ್ಟಿದ್ದು. ಕಸ ತೆಗೆದು, ದಂಡೆ ಕಟ್ಟಿ, ನಡೆಯುವ ದಾರಿ ಮಾಡಿ, ನಡುವೆ ಊರಿನ ಎಲ್ಲರಿಗೂ ಒಂದು ಜಲಕ್ರೀಡಾ ಕೇಂದ್ರ. ದೋಣಿ, ಹುಟ್ಟು, ಈಜು, ಎಲ್ಲ ಇರುವಂಥದ್ದು. ಯೋಜನೆ ಬರೆಯುವ ಕೆಲಸ ಬೆಂಗಳೂರಿನ ಒಂದು ಕಂಪನಿಗೆ ಹೋಯಿತು. ಸ್ಥಳದಲ್ಲಿದ್ದು ಅಳತೆ ಮಾಡಲು, ತೆಲುಗು ಕನ್ನಡ ಎರಡರಲ್ಲೂ ಜನರ ಹತ್ತಿರ ಮಾತಾಡಲು ಒಬ್ಬರು ಬೇಕಿತ್ತು. ನನ್ನನ್ನು ತೆಗೆದುಕೊಂಡರು.

ನಾನು ಸಿವಿಲ್ ಇಂಜಿನಿಯರಿಂಗ್ ಓದಿದವಳು. ನಮ್ಮ ಎರಡೂ ಕಡೆಯ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ. ಅಪ್ಪ ಕಲ್ಯಾಣದುರ್ಗದಿಂದ ಸುತ್ತಲ ಹಳ್ಳಿಗಳಿಗೆ ಜನರನ್ನು ತುಂಬಿಕೊಂಡು ಹೋಗುವ ಜೀಪ್ ಓಡಿಸುತ್ತಿದ್ದ. ಅಮ್ಮ ಕಡ್ಲೆಕಾಯಿ ಮಿಲ್ಲಿನಲ್ಲಿ ಬೀಜ ಆರಿಸುತ್ತಿದ್ದಳು. ನನ್ನ ಕೊನೆಯ ವರ್ಷದ ಅಂಕಪಟ್ಟಿಯ ನಕಲಿಗೆ ಪ್ಲಾಸ್ಟಿಕ್ ಹಾಕಿಸಿ ಅಪ್ಪ ಜೀಪಿನಲ್ಲಿ ಸ್ಟೇರಿಂಗ್ ಪಕ್ಕ ದೇವರ ಪಟದ ಕೆಳಗೆ ಅಂಟಿಸಿದ್ದ. ಮುಂದಿನ ಸೀಟಿನಲ್ಲಿ ಕೂತವರೆಲ್ಲ ಅದನ್ನು ಓದಲೇಬೇಕು. ಓದು ಬಾರದವರಿಗೆ ಅಪ್ಪನೇ ಹೇಳುತ್ತಿದ್ದ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಹಾಸ್ಟೆಲ್ ಸೇರುವ ತನಕ ನಾನು ತಿಂಗಳಿಗೆ ಮೂರು ದಿನ ಮನೆಯ ಹೊರಗೆ, ಜೀಪ್ ನಿಲ್ಲಿಸುವ ತಗಡಿನ ಕೆಳಗೆ ಮಲಗುತ್ತಿದ್ದೆ. ಡೀಸೆಲ್ ವಾಸನೆ, ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಚೊಂಬು. ಹತ್ತನೇ ಕ್ಲಾಸಿನ ಗಣಿತದ ಪರೀಕ್ಷೆಗೆ ಅಲ್ಲೇ ಕೂತು ಓದಿದ್ದೇನೆ. ಡಿಗ್ರಿ ಕೈಗೆ ಬಂದ ದಿನ ನಾನು ಮಾಡಿದ ಮೊದಲ ಕೆಲಸ, 'ಇನ್ನು ಮೇಲೆ ಆ ಮಾತನ್ನು ನನ್ನ ಹತ್ತಿರ ಯಾರೂ ಎತ್ತಬಾರದು' ಎಂದು ಅಮ್ಮನಿಗೆ ಹೇಳಿದ್ದು. ಅದರಲ್ಲಿ ತಪ್ಪಿಲ್ಲ. ಈಗಲೂ ಇಲ್ಲ ಅನ್ನುತ್ತೇನೆ. ಆದರೆ ಒಂದು ಮಾತನ್ನು ಕೇಳುವುದೇ ಇಲ್ಲ ಎಂದು ಕಿವಿ ಮುಚ್ಚಿಕೊಂಡರೆ, ಅದರ ಜೊತೆಗೆ ಬರುವ ಬೇರೆ ಮಾತೂ ಕಿವಿಗೆ ಬೀಳುವುದಿಲ್ಲ. ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ.

ಹೊಳೆಯ ಕೆಳದಂಡೆಯಲ್ಲಿ, ನೀರಿಗೆ ತಾಗಿದಂತೆ, ಮಡಿವಾಳರ ಕೇರಿಯ ಹನ್ನೆರಡು ಮನೆಯವರು ಬಟ್ಟೆ ಒಗೆಯುತ್ತಿದ್ದರು. ನೀರಿಲ್ಲದ ವರ್ಷಗಳಲ್ಲಿ ಮರಳು ತೋಡಿ, ಗುಂಡಿಯಲ್ಲಿ ಊರಿದ ನೀರಿನಲ್ಲೇ ಒಗೆದವರು ಅವರು. ಆ ಹೊಳೆಯನ್ನು ಬಿಟ್ಟು ಹೋಗದೆ ಉಳಿದವರು ಅವರು ಮಾತ್ರ. ಅವರಿಗೆಲ್ಲ ಹಿರಿಯಳು ಓಬಳಮ್ಮ. ಸೊಸೆ ಅಂಜಿನಮ್ಮನ ಜೊತೆ ಆಸ್ಪತ್ರೆಯ, ಹೋಟೆಲಿನ ಬಟ್ಟೆಗಳನ್ನು ಹೊತ್ತು ತರುತ್ತಿದ್ದಳು. ಒಂದು ವಾರ ನನ್ನನ್ನು ದೂರದಿಂದ ನೋಡಿ, ಎಂಟನೇ ದಿನ ಕೂಗಿದಳು.

"ಏನಮ್ಮಾ, ದಿನಾ ಬಂದು ನಮ್ ಹೊಳೆಗೆ ಟೇಪ್ ಹಿಡೀತೀಯ. ಲಂಗ ಹೊಲಿಸ್ತೀಯಾ ಅದಕ್ಕೆ?"

ಬಂಡೆಗಳ ಮೇಲೆ ಇದ್ದವರೆಲ್ಲ ನಕ್ಕರು. ನಾನು ಹತ್ತಿರ ಹೋಗಿ ಕೂತು ನಕ್ಷೆ ಬಿಡಿಸಿ ತೋರಿಸಿದೆ. ಇಲ್ಲಿ ದೋಣಿ ನಿಲ್ಲುತ್ತೆ, ಇಲ್ಲಿ ಜನ ನಡೀತಾರೆ.

"ಈ ಊರಾಗೆ ದೋಣಿ," ಎಂದ ಫಕ್ರುಸಾಬ್. ಅವನ ಪಂಪ್ ರಿಪೇರಿ ಶೆಡ್ಡು ದಂಡೆಯ ಮೇಲೇ ಇತ್ತು. ಬಾವಿಯೊಳಗೆ ಬಿದ್ದ ಮೋಟಾರು, ಕೊಡ, ಕೆಲವು ಸಲ ಮನುಷ್ಯರನ್ನೂ ಮುಳುಗಿ ಎತ್ತುವವನು. ಬೇಸಿಗೆಯಲ್ಲಿ ಮಕ್ಕಳ ಸೊಂಟಕ್ಕೆ ಕತ್ತಾಳೆ ದಿಂಡಿನ ಬೆಂಡು ಕಟ್ಟಿ ತೋಟದ ಬಾವಿಗಳಲ್ಲಿ ಈಜು ಕಲಿಸುತ್ತಿದ್ದ. "ದೋಣಿಗೆ ಚಕ್ರನೂ ಹಾಕ್ಸು ಬೇಟಿ. ನೀರು ಬತ್ತಿದ ಮೇಲೆ ಕೊಡಿಕೊಂಡ ಊರಿಗೆ ಆಟೋ ಓಡಿಸ್ಕೊಬೋದು."

"ನೀನು ಸುಮ್ಕಿರಯ್ಯ," ಎಂದಳು ಓಬಳಮ್ಮ. "ಅವ್ವಾ, ದೋಣಿ ಬರ್ಲಿ, ಜನ ಬರ್ಲಿ. ನಾವೆಲ್ಲಿಗೆ ಹೋಗ್ಬೇಕು, ಅದನ್ನ ಹೇಳು."

ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನನ್ನ ಮುಂದಿನ ನಾಲ್ಕು ತಿಂಗಳು ಹೋಯಿತು. ಕಂಪನಿಯ ಮೊದಲ ನಕ್ಷೆಯಲ್ಲಿ ಮಡಿವಾಳರು ಎಲ್ಲೂ ಇರಲಿಲ್ಲ. ಕೆಳದಂಡೆಗೆ ಹಸಿರು ಬಣ್ಣ ಬಳಿದು ಹುಲ್ಲುಹಾಸು ಎಂದು ಬರೆದಿದ್ದರು. ನಾನು ಬೆಂಗಳೂರಿಗೆ ಹೋಗಿ ಕಂಪನಿಯ ಮುಖ್ಯಸ್ಥರಾದ ಮಧುಸೂದನ್ ಸರ್ ಮುಂದೆ ನಿಂತು ವಾದಿಸಿದೆ. ಎಲ್ಲರಿಗೂ ಸೇರಿದ ಕೇಂದ್ರ ಎಂದು ಹೆಸರಿಟ್ಟ ಮೇಲೆ ಎಲ್ಲರೂ ಇರಬೇಕಲ್ಲ ಸರ್, ಎಂದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದರೆ ನೀವೇ ಬರೆದು ತನ್ನಿ" ಎಂದರು. ಬರೆದೆ. ಕೆಳದಂಡೆಯಲ್ಲಿ ಹನ್ನೆರಡು ಒಗೆಯುವ ಕಲ್ಲುಗಳಿರುವ ಕಟ್ಟೆ, ಉಬ್ಬೆಗೆ ಒಂದು ಒಲೆ, ಪಕ್ಕದಲ್ಲಿ ಕೇರಿಯ ಮಕ್ಕಳು ದುಡ್ಡು ಕೊಡದೆ ಈಜು ಕಲಿಯುವ ಆಳವಿಲ್ಲದ ಕೊಳ. ಕಲಿಸುವವನು ಫಕ್ರುಸಾಬ್. ದೋಣಿಮನೆ, ಕಾಫಿ ಅಂಗಡಿ, ಕಾರು ನಿಲ್ಲುವ ಜಾಗ ಮೇಲ್ದಂಡೆಗೆ.

ಒಪ್ಪಿದರು. ನಾನು ಆ ದಿನವೇ ಬಸ್ಸು ಹತ್ತಿ ಬಂದು, ಚೀಲ ಕೂಡ ಇಳಿಸದೆ ಹೊಳೆಗೆ ಹೋದೆ.

"ನಿಮ್ಮ ಜಾಗ ಎಲ್ಲಿಗೂ ಹೋಗಲ್ಲ ಅವ್ವ. ಬರೆದಿದ್ದೀನಿ."

"ಬರ್ದಿದ್ದು ನಾನೆಂಗೆ ಓದ್ಲಿ? ಬಾಯಲ್ಲಿ ಹೇಳು."

"ಹೋಗಲ್ಲ."

"ಸರ್ಲೇ," ಎಂದಳು ಓಬಳಮ್ಮ, ತೆಲುಗಿನಲ್ಲಿ. ಆಮೇಲೆ ಸೊಸೆಯ ಕಡೆ ತಿರುಗಿ, "ಕೇಳಿಸ್ಕೊಂಡೆ ಅಲ್ವಾ ಅಂಜಿನಿ? ನಾಳೆ ನಾನು ಸತ್ರೆ ನೀನು ಸಾಕ್ಷಿ." ಮತ್ತೆ ನಕ್ಕರು. ನಾನೂ ನಕ್ಕೆ.

ಇನ್ನು ಉಳಿದದ್ದು ಒಂದೇ ಕೆಲಸ. ಹೊಳೆ ಬಂದಾಗ ನೀರು ಎಲ್ಲಿಯ ತನಕ ಏರುತ್ತದೆ ಎಂಬ ಗೆರೆ. ಆ ಗೆರೆ ಇಲ್ಲದೆ ಯಾವ ಕಟ್ಟಡದ ಎತ್ತರವನ್ನೂ ನಿಶ್ಚಯಿಸುವ ಹಾಗಿಲ್ಲ. ಆ ಜಾಗಕ್ಕೆ ಸಂಬಂಧಿಸಿದ ಲೆಕ್ಕ ಯಾವ ಆಫೀಸಿನಲ್ಲೂ ಸಿಗಲಿಲ್ಲ. ಬಾರದ ನೀರನ್ನು ಯಾರು ಅಳೆದಿಟ್ಟಾರು? ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ತೋರಿಸಿದರು. ಒಬ್ಬ ಮೊಣಕಾಲು ಎಂದ, ಒಬ್ಬ ತೆಂಗಿನಮರ ಎಂದ. ಕೊನೆಗೆ ಓಬಳಮ್ಮನನ್ನು ಕೇಳಿದೆ. ಅವಳು ಸೀರೆ ಎತ್ತಿ ಕಟ್ಟಿಕೊಂಡು, ಅವರು ಮಡಿಬಂಡೆ ಎನ್ನುವ ದೊಡ್ಡ ಬಂಡೆಯ ಮಗ್ಗುಲಿಗೆ ಕರೆದುಕೊಂಡು ಹೋದಳು. ಬಂಡೆಯ ಮೇಲೆ ಉಳಿಯಿಂದ ಹೊಡೆದ ಗೀರುಗಳಿದ್ದವು. ಹಳೆಯವು ಸವೆದಿದ್ದವು. ಎಲ್ಲಕ್ಕಿಂತ ಮೇಲಿನದು ಹೊಸದು, ಅದರೊಳಗೆ ಅರಿಶಿನ ಇನ್ನೂ ಹಿಡಿದಿತ್ತು.

"ನಮ್ ಅತ್ತೆ, ಅವ್ರ ಅತ್ತೆ, ಎಲ್ರೂ ಹಿಂಗೇ ಹೊಡ್ದಿರೋದು. ಹೊಳೆ ಬಂದಾಗಲೆಲ್ಲ ಒಂದು."

ನನಗೆ ಮೈ ಜುಮ್ಮೆಂದಿತು. ನಾಲ್ಕು ತಲೆಮಾರಿನ ಪ್ರವಾಹದ ಲೆಕ್ಕ, ಓದು ಬಾರದ ಹೆಂಗಸರು ಬರೆದಿಟ್ಟದ್ದು, ನನ್ನ ಕಣ್ಣ ಮುಂದೆ. "ನೀರು ಇಲ್ಲಿವರೆಗೂ ಬಂದಿತ್ತಾ ಅವ್ವ?"

"ಬಂದ ದಿನ ಗಂಗಮ್ಮ ಹೊರಗಾಗಿರ್ತಾಳಲ್ಲ, ಆಗ ನಾವು..."

"ಆ ಮಾತೆಲ್ಲ ಬೇಡ," ಎಂದೆ. ನನ್ನ ದನಿ ಗಟ್ಟಿಯಾಗಿಯೇ ಇತ್ತು. "ನೀರಿಗೂ ಅದನ್ನ ಅಂಟಿಸ್ತೀರಲ್ಲ ನೀವು. ಈ ಗೀರು ಹೊಡೆದಾಗ ನೀರು ಇಲ್ಲಿತ್ತಾ, ಇಲ್ವಾ, ಅಷ್ಟು ಹೇಳಿ."

ಓಬಳಮ್ಮ ನನ್ನ ಮುಖ ನೋಡಿದಳು. "ಇತ್ತು ಕಣಮ್ಮ," ಎಂದಳು. "ಹೊಡೆದಾಗ ಇಲ್ಲೇ ಇತ್ತು." ಸೆರಗು ಕೊಡವಿಕೊಂಡು ತನ್ನ ಕಲ್ಲಿಗೆ ಹಿಂದಿರುಗಿದಳು.

ಬಂಡೆಯ ಫೋಟೋ ತೆಗೆದೆ. ಗೀರಿನ ಎತ್ತರವನ್ನು ಅಳೆದೆ. ವರದಿಯಲ್ಲಿ ಒಂದು ಇಡೀ ಪುಟ ಬರೆದೆ. ಮಧುಸೂದನ್ ಸರ್ ಆ ಫೋಟೋವನ್ನು ದೊಡ್ಡದಾಗಿ ಪರದೆಯ ಮೇಲೆ ತೋರಿಸಿ, ಜನರ ಜ್ಞಾನ ಎಂದರೆ ಇದು ಎಂದು ಹೇಳಿದರಂತೆ. ಅವರು ಹೇಳಿದ್ದನ್ನು ಅಪ್ಪನಿಗೆ ಫೋನಿನಲ್ಲಿ ಎರಡು ಸಲ ಹೇಳಿದೆ. ಆ ಗೆರೆಯ ಪ್ರಕಾರ ಕೆಳದಂಡೆ ನೀರಿಗಿಂತ ಒಂದು ಮೊಳ ಮೇಲಿತ್ತು. ಒಗೆಯುವ ಕಟ್ಟೆ, ಒಲೆ, ಮಕ್ಕಳ ಕೊಳ, ಎಲ್ಲವೂ ಸುರಕ್ಷಿತ.

ದಸರೆಗೆ ಊರಿಗೆ ಹೋದೆ. ಆ ವಾರ ಕಲ್ಯಾಣದುರ್ಗದಲ್ಲಿ ಎಂದೂ ಸುರಿಯದ ಮಳೆ ಸುರಿದು, ಹಳ್ಳ ಬಂದು, ಊರ ಕೆರೆಗೆ ನೀರು ನುಗ್ಗಿತು. ಅಮ್ಮ, ಅಕ್ಕಪಕ್ಕದ ಹೆಂಗಸರು, ನಾನು, ಎಲ್ಲ ಏರಿಯ ಮೇಲೆ ಹೋಗಿ ನಿಂತೆವು. ಕೆಂಪು ನೀರು, ಕಸಕಡ್ಡಿ, ಹರಿದ ಚಪ್ಪಲಿ, ಎಲ್ಲೋ ಕಿತ್ತುಬಂದ ಒಂದು ಬೇಲಿ. ನಾನು ಕಾಲು ತೊಳೆಯೋಣವೆಂದು ಕೆಳಗಿಳಿದೆ. ಅಮ್ಮ ರೆಟ್ಟೆ ಹಿಡಿದು ಎಳೆದಳು.

"ಏನೇ, ಮೂರು ದಿನ ತಡ್ಕೊಳ್ಳಾಕೆ ಆಗಲ್ವಾ ನಿಂಗೆ? ಹೊಸ ನೀರು ಅದು."

"ಕೆರೆಗೂ ಮುಟ್ಟಾ ಅಮ್ಮ?" ಎಂದೆ. ವ್ಯಂಗ್ಯವಾಗಿಯೇ ಅಂದಿದ್ದೆ.

"ಗಂಗಮ್ಮ ಹೆಂಗಸಲ್ವೇನೆ? ಬಂದ ಮೂರು ದಿನ ಹೊರಗಿರ್ತಾಳೆ. ಯಾರೂ ಮುಟ್ಟಂಗಿಲ್ಲ, ಹತ್ರಾನೂ ಹೋಗಂಗಿಲ್ಲ. ನಾಲ್ಕನೇ ದಿನ ತಿಳಿ ಆಯ್ತಾಳೆ. ಆಗ ಬಂದು ಅರಿಶಿನ ಕುಂಕುಮ ಇಟ್ಟು, ಕಾಯಿ ಒಡ್ದು, ಆಮೇಲೆ ಕಾಲಿಡೋದು. ನಿಂಗೆ ಇದೆಲ್ಲ ಎಲ್ಲಿ ನೆನಪಿರ್ತೈತೆ ಬುಡು, ಓದಿದೋಳು."

"ನಾಲ್ಕನೇ ದಿನಕ್ಕೆ ನೀರು ಇಳಿದು ಹೋಗಿದ್ರೆ?"

"ಇಳೀಲಿ. ಎಷ್ಟು ಉಳ್ದೈತೋ ಅಷ್ಟಕ್ಕೆ ಪೂಜೆ."

ಪಕ್ಕದ ಹೆಂಗಸರು ಏನೋ ಮಾತಾಡಿಕೊಂಡು ನಗುತ್ತಿದ್ದರು. ನನ್ನ ಕಣ್ಣಿಗೆ ಆ ಗೀರು ಮಾತ್ರ ಕಾಣುತ್ತಿತ್ತು. ಅದರೊಳಗಿನ ಅರಿಶಿನ. ಅದು ಪೂಜೆಯ ಗೀರು. ನೀರು ಬಂದ ದಿನದ್ದಲ್ಲ, ನಾಲ್ಕನೇ ದಿನದ್ದು. ನಮ್ಮ ಕಡೆ ಹೊಳೆ ಬರುವುದೂ ದಿಢೀರನೆ, ಹೋಗುವುದೂ ದಿಢೀರನೆ. ನಾಲ್ಕನೇ ದಿನಕ್ಕೆ ಅರ್ಧ ನೀರೂ ಉಳಿದಿರುವುದಿಲ್ಲ.

ಏರಿಯ ಮೇಲೆ ನಿಂತೇ ಅಂಜಿನಮ್ಮನಿಗೆ ಫೋನ್ ಮಾಡಿ ಓಬಳಮ್ಮನಿಗೆ ಕೊಡು ಎಂದೆ.

"ಅವ್ವಾ, ಆ ಗೀರನ್ನ ಎಷ್ಟನೇ ದಿನ ಹೊಡೆದಿದ್ದು?"

"ನಾಲ್ಕನೇ ದಿನ. ಇನ್ಯಾವತ್ತು ಹೊಡೀತಾರೆ?"

"ನನಗೆ ಹೇಳಲೇ ಇಲ್ವಲ್ಲ."

"ಹೇಳಕ್ಕೆ ಬಂದೆ. ಆ ಮಾತು ಬೇಡ ಅಂದ್ಬುಟ್ಟೆ. ಆಫೀಸಿನ ಲೆಕ್ಕಕ್ಕೆ ಬೇಡ್ವೇನೋ ಅನ್ಕೊಂಡೆ."

ಮಾರನೇ ದಿನ ಬೆಳಿಗ್ಗೆ ಹೊರಟೆ. ಪೆನುಕೊಂಡದಲ್ಲಿ ಇಳಿದು ಬಸ್ಸು ಬದಲಿಸುವಾಗ ಕಾರ್ಖಾನೆಯ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನೀಲಿ ಅಂಗಿಯ ಹುಡುಗಿಯರು ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ನಾನೂ ಹಾಗೆ ಒಂದು ಕಡೆ ಸೇರಿಕೊಂಡಿದ್ದರೆ ಇಷ್ಟು ಭಯ ಇರುತ್ತಿರಲಿಲ್ಲ ಎಂದುಕೊಂಡೆ. ವರದಿಯಲ್ಲಿ ಇದ್ದದ್ದು ನನ್ನ ಸಹಿ.

ಫಕ್ರುಸಾಬ್ ತನ್ನ ಶೆಡ್ಡಿನ ಹಿಂದಿನ ಗೋಡೆಗೆ ಕರೆದುಕೊಂಡು ಹೋದ. ಹಲಗೆಗಳನ್ನು ಸರಿಸಿದರೆ ಗೋಡೆಯ ಮೇಲೆ ಕೆಸರಿನ ಕಲೆ, ನೇರವಾಗಿ, ದಾರ ಹಿಡಿದು ಎಳೆದ ಹಾಗೆ. "ಹೋದ ಸಲ ಹೊಳೆ ಬಂದಾಗ, ಎರಡನೇ ದಿನ ಮಧ್ಯಾಹ್ನ ಇಲ್ಲಿಗಿತ್ತು. ಮೋಟಾರೆಲ್ಲ ತಲೆ ಮೇಲೆ ಹೊತ್ಕೊಂಡು ಓಡಿದ್ದೀನಿ ಬೇಟಿ. ಯಾರೂ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ." ಅವನು ಅಳತೆಯ ಕೋಲು ಹಿಡಿದು ನಿಂತ, ನಾನು ಉಪಕರಣದ ಕಣ್ಣಿಗೆ ಕಣ್ಣಿಟ್ಟೆ. ಮೂರು ಸಲ ನೋಡಿದೆ. ಬಂಡೆಯ ಗೀರಿಗಿಂತ ಒಂದಾಳೆತ್ತರ ಮೇಲೆ. ಕೆಳದಂಡೆ ಪೂರ್ತಿ ಮುಳುಗಿತ್ತು.

ಓಬಳಮ್ಮ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತ ಬಂದು ನಿಂತಿದ್ದಳು. "ಇದನ್ನ ನಿಮ್ ಸಾಹೇಬ್ರಿಗೆ ಹೇಳ್ತೀಯಾ?"

"ಹೇಳಲೇಬೇಕು ಅವ್ವ."

"ಹೇಳಿದ್ರೆ ನಮಗೇನಾಯ್ತದೆ?"

"ಏನೂ ಆಗಲ್ಲ. ಸರಿಯಾಗಿ ಕಟ್ತಾರೆ, ಅಷ್ಟೆ."

ಇದು ನಾನು ಕೊಟ್ಟ ಎರಡನೇ ಮಾತು. ಕೊಡುವಾಗ ಸುಳ್ಳಿನ ನೆರಳೂ ಇರಲಿಲ್ಲ.

ಬೆಂಗಳೂರಿನ ಸಭೆಯಲ್ಲಿ ಎಂಟು ಹತ್ತು ಜನ ಇದ್ದರು. ನನ್ನ ತಪ್ಪನ್ನು ನಾನೇ ಎದ್ದು ಹೇಳಿದೆ. ಬಂಡೆಯ ಗೀರು ಯಾವ ದಿನದ್ದು, ಯಾಕೆ, ಎಂದು ವಿವರಿಸಿದೆ. ಮುಟ್ಟಿನ ಮಾತನ್ನು ಅಷ್ಟು ಗಂಡಸರ ಮುಂದೆ ತಲೆ ಎತ್ತಿ ಹೇಳಿದೆ, ಅದಕ್ಕೂ ನನಗೆ ಹೆಮ್ಮೆ. ಶೆಡ್ಡಿನ ಗೋಡೆಯ ಫೋಟೋ, ಮೂರು ಅಳತೆ, ಹೊಸ ಗೆರೆ. ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದೆ. ಮಧುಸೂದನ್ ಸರ್ ಕುರ್ಚಿಯಿಂದ ಎದ್ದರು.

"ಎಷ್ಟು ಜನ ತಮ್ಮ ತಪ್ಪನ್ನು ತಾವೇ ಹಿಡಿದು ತರುತ್ತಾರೆ?" ಎಂದು ಉಳಿದವರನ್ನು ಕೇಳಿದರು. "ಈ ಹುಡುಗಿ ನಮ್ಮನ್ನು ದೊಡ್ಡ ಅವಮಾನದಿಂದ ಉಳಿಸಿದ್ದಾಳೆ. ವರದಿಯ ಮುಖಪುಟದಲ್ಲಿ ಇವಳ ಹೆಸರೂ ಇರಬೇಕು."

ಯಾರೋ ಚಪ್ಪಾಳೆ ತಟ್ಟಿದರು. ನನ್ನ ಕಿವಿ ಬಿಸಿಯಾಯಿತು. ತಗಡಿನ ಕೆಳಗೆ ಓದಿದ ಹುಡುಗಿಯ ಹೆಸರು ಮುಖಪುಟದಲ್ಲಿ. ಅಪ್ಪ ಅದಕ್ಕೂ ಪ್ಲಾಸ್ಟಿಕ್ ಹಾಕಿಸುತ್ತಾನೆ ಎಂದುಕೊಂಡೆ. ಆ ಹೊತ್ತಿಗೆ ಸರ್ ಪರದೆಯ ಮೇಲೆ ಹೊಸ ಗೆರೆಯನ್ನು ಕೆಂಪು ಬಣ್ಣದಲ್ಲಿ ಎಳೆಸಿದರು. "ಸರಿ. ಗೆರೆಯ ಕೆಳಗೆ ಯಾವ ಕಾಯಂ ಕಟ್ಟಡವೂ ಇರುವಂತಿಲ್ಲ. ಒಗೆಯುವ ಕಟ್ಟೆ ತೆಗೆಯಿರಿ. ಒಲೆ ತೆಗೆಯಿರಿ. ಕೊಳ ತೆಗೆಯಿರಿ." ಕಂಪ್ಯೂಟರಿನ ಮುಂದೆ ಕೂತಿದ್ದವನು ಒಂದೊಂದನ್ನೇ ಆರಿಸಿ ಅಳಿಸಿದ. ನಾಲ್ಕು ತಿಂಗಳು ಬರೆದದ್ದು ಹೋಗಲು ನೀರು ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಕೆಳದಂಡೆಗೆ ಮತ್ತೆ ಹಸಿರು ಬಣ್ಣ ಬಂತು. ಯಾರೋ ಕೇಳಿದರು, ಮೇಲ್ದಂಡೆಯಲ್ಲಿ ಅವರಿಗೆ ಜಾಗ ಮಾಡಬಹುದಾ ಎಂದು. ಕಾರು ನಿಲ್ಲಿಸಲು ಜಾಗ ಸಾಲುವುದಿಲ್ಲ, ಎರಡನೇ ಹಂತದಲ್ಲಿ ನೋಡೋಣ ಎಂದರು ಸರ್. ನನ್ನ ಕಡೆ ನೋಡಿ, "ಅಲ್ಲವಾ?" ಎಂದೂ ಕೇಳಿದರು.

ನಾನು ತಲೆ ಆಡಿಸಿದೆ.

ಯಾಕೆ ಆಡಿಸಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಅನ್ನಬಹುದು, ಅನ್ನುವುದಿಲ್ಲ. ಹೆದರಿಕೆ ಅಷ್ಟೊತ್ತಿಗೆ ಹೋಗಿತ್ತು. ಹೊಗಳಿಸಿಕೊಂಡ ಕಿವಿಯ ಬಿಸಿ ಇನ್ನೂ ಆರಿರಲಿಲ್ಲ, ಅದಕ್ಕೆ.

ಎರಡು ದಿನ ಹೊಳೆಯ ಕಡೆ ಹೋಗಲಿಲ್ಲ. ಮೂರನೇ ದಿನ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಓಬಳಮ್ಮ ಆಸ್ಪತ್ರೆಯ ಹಸಿರು ಚಾದರಗಳನ್ನು ಹಿಂಡುತ್ತಿದ್ದಳು. ಹಿಂಡುವುದನ್ನು ನಿಲ್ಲಿಸಲಿಲ್ಲ. ಚಾದರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು, ಇನ್ನೊಂದು ತುದಿ ಹಿಡಿದು ತಿರುಚುತ್ತ ಮಾತಾಡಿದಳು.

"ಗೆರೆ ಕೆಳಗಡೆ ಇದ್ರೆ ಮುಳುಗೋಯ್ತದೆ ಅಂತ ತೆಗೆದ್ರಾ?"

"ಹೂಂ ಅವ್ವ. ಅದು ನಿಯಮ."

"ಬಂಡೆ ಮುಳುಗಿದ್ರೆ ಬಂಡೆಗೇನಾಯ್ತದೆ ಕಣಮ್ಮ?"

ನಾನು ನನ್ನ ತುದಿಯನ್ನು ಇನ್ನೊಂದು ಸುತ್ತು ತಿರುಚಿದೆ.

"ನಮ್ ಕಲ್ಲು ಎಷ್ಟು ಸಲ ಮುಳುಗೈತೆ. ನಾನು ಮದುವೆಯಾಗಿ ಬಂದಾಗ ಮುಳುಗಿತ್ತು. ನನ್ ಮಗ ಹುಟ್ಟಿದಾಗ ಮುಳುಗಿತ್ತು. ನಾಲ್ಕು ದಿನ ಮನೇಲಿ ಕೂತ್ಕೊಂಡು ಕಾಲು ಚಾಚಿ ಎಲೆ ಅಡಿಕೆ ಹಾಕ್ಕೊಂತೀವಿ. ಇಳಿದ ಮೇಲೆ ಕೆಸರು ತಳ್ಳಿ ಒಗಿಯಾಕೆ ಶುರು. ಕೊಳಾನೂ ಅಷ್ಟೆ, ಕೆಸರು ತೆಗೆದ್ರೆ ಮತ್ತೆ ಕೊಳ. ಮುಳುಗಬಾರ್ದು ಅನ್ನೋಕೆ ಅದೇನು ಕಾಫಿ ಅಂಗಡೀನಾ? ಇದನ್ನ ಅಲ್ಲಿ ಹೇಳಿದ್ಯಾ ನೀನು?"

ಹೇಳಿರಲಿಲ್ಲ. ಹೊಳೆಯಂಚಿನ ಕಲ್ಲಿನ ಕಟ್ಟೆ, ಮೆಟ್ಟಿಲು, ಆಳವಿಲ್ಲದ ಕೊಳ, ಇವು ಮುಳುಗಿ ಏಳಲೆಂದೇ ಇರುವಂಥವು. ನಿಯಮವೂ ಅದಕ್ಕೆ ಜಾಗ ಬಿಡುತ್ತದೆ, ಕೇಳುವವರು ಇದ್ದರೆ. ನಾಲ್ಕು ವರ್ಷ ಓದಿದ ನನಗೆ ಅದು ಗೊತ್ತಿತ್ತು. ಎದ್ದು ನಿಂತು ಒಂದು ವಾಕ್ಯ ಹೇಳಿದ್ದರೆ ಆಗುತ್ತಿತ್ತು. ಆ ಸಭೆಯಲ್ಲಿ ಆ ವಾಕ್ಯ ನನ್ನ ತಲೆಗೇ ಬರಲಿಲ್ಲ.

"ಸುಳ್ಳು ಹೇಳ್ಬೇಕಿತ್ತು ಅಂತ ಅಲ್ಲ," ಎಂದಳು ಓಬಳಮ್ಮ. ಚಾದರವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ದಿಟಾನ ಅರ್ಧ ಹೇಳ್ಬಂದೆ."

ಫಕ್ರುಸಾಬ್ ಶೆಡ್ಡಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಬೇಟಿ ಅನ್ನಲಿಲ್ಲ. "ಮೇಡಂ, ಆ ಗೋಡೆ ತೋರ್ಸಿದ್ದು ನಾನು," ಎಂದ. ಅಷ್ಟೇ ಅಂದು ಒಳಗೆ ಹೋದ.

ಆಮೇಲೆ ಓಡಾಡಿದೆ. ಮಧುಸೂದನ್ ಸರ್‌ಗೆ ಮೂರು ಪುಟದ ಪತ್ರ ಬರೆದೆ. "ನೀವು ಹೇಳುವುದು ತಾಂತ್ರಿಕವಾಗಿ ಸರಿ, ಆದರೆ ಸಭೆಯಲ್ಲಿ ನೀವೇ ಒಪ್ಪಿದ್ದೀರಿ, ನಡಾವಳಿ ಬರೆದು ಕಳಿಸಿಯೂ ಆಗಿದೆ" ಎಂದರು. ಹಿಂದೂಪುರದ ಪುರಸಭೆ ಆಫೀಸಿನಲ್ಲಿ ಕೇಳಿದರೆ ಕಂಪನಿಯನ್ನು ಕೇಳಿ ಎಂದರು. ಓಬಳಮ್ಮನನ್ನೂ ಇನ್ನೂ ಆರು ಜನರನ್ನೂ ಕರೆದುಕೊಂಡು ಹೋಗಿ ಅರ್ಜಿ ಕೊಡಿಸಿದೆ. ಅರ್ಜಿ ತೆಗೆದುಕೊಂಡವನು ಅದರ ಜೊತೆಗಿದ್ದ ನಕ್ಷೆಯ ಮುಖಪುಟ ನೋಡಿ, "ಇದರಲ್ಲಿ ನಿಮ್ಮದೇ ಹೆಸರಿದೆಯಲ್ಲಮ್ಮ" ಎಂದ. ಹೊರಗೆ ಬಂದ ಮೇಲೆ ಓಬಳಮ್ಮ ಕೇಳಿದಳು, "ಏನಂದ?" ನಾನು ಆಟೋ ಕೂಗಿದೆ. ಬೇಸಿಗೆಗೆ ನನ್ನ ಗುತ್ತಿಗೆ ಮುಗಿಯಿತು. ಕಲ್ಯಾಣದುರ್ಗದಲ್ಲಿ ಈಗಿನ ಕೆಲಸ ಸಿಕ್ಕಿತು. ಸಿಕ್ಕಿದ್ದು ಆ ಮುಖಪುಟದಿಂದಲೇ.

ಎರಡು ವರ್ಷಕ್ಕೆ ಕೇಂದ್ರ ಎದ್ದಿತು, ಉದ್ಘಾಟನೆಗೆ ಕರೆದಾಗ ಹೋಗಿ ಬಂದೆ. ಮುಂದಿನ ಮಳೆಗಾಲದಲ್ಲಿ ಹೊಳೆ ಮತ್ತೆ ಬಂತು, ಮೊದಲಿನಷ್ಟೇ ಜೋರಾಗಿ ಅಂದರು. ನನಗೆ ತಡೆಯಲಾಗಲಿಲ್ಲ. ರಜೆ ಹಾಕಿ ಹೋದೆ. ನಾನು ಹೋಗಿ ತಲುಪಿದ್ದು ನೀರು ಬಂದ ನಾಲ್ಕನೇ ದಿನ, ಅದೂ ಲೆಕ್ಕ ಹಾಕಿಕೊಂಡಲ್ಲ.

ಹೊಳೆದಂಡೆಯ ಉದ್ದಕ್ಕೂ ಕಬ್ಬಿಣದ ಬೇಲಿ. ಬೇಲಿಯ ಹೊರಗೆ ಓಬಳಮ್ಮ ನಿಂತಿದ್ದಳು, ಪಕ್ಕದಲ್ಲಿ ನೆಲದ ಮೇಲೆ ಬಟ್ಟೆಯ ಗಂಟು. ಮುಖ ಇಳಿದಿತ್ತು. ಕೇರಿಯಲ್ಲಿ ಈಗ ಒಗೆಯುವವರು ಮೂರೇ ಮನೆ, ಬೋರ್‌ವೆಲ್ ಹತ್ತಿರ ಸಿಮೆಂಟ್ ತೊಟ್ಟಿಯಲ್ಲಿ. ಅದೂ ಕರೆಂಟು ಇದ್ದಾಗ. ಆಸ್ಪತ್ರೆಯವರು ಬಟ್ಟೆ ಕೊಡುವುದನ್ನು ಬಿಟ್ಟಿದ್ದರು. ಅಂಜಿನಮ್ಮ ಕೇಂದ್ರದಲ್ಲೇ ಒದ್ದೆ ಟವೆಲ್‌ಗಳನ್ನು ಮೆಷಿನ್ನಿಗೆ ಹಾಕುವ ಕೆಲಸಕ್ಕೆ ಸೇರಿದ್ದಳು.

ಬೇಲಿಯೊಳಗೆ ಕೆಳದಂಡೆ ಕಾಣುತ್ತಿತ್ತು. ನೀರು ಇಳಿದು, ಹುಲ್ಲಿನ ಮೇಲೆ ಬೆರಳು ದಪ್ಪ ಕೆಸರು ಕೂತಿತ್ತು. ಬೇರೆ ಏನೂ ಆಗಿರಲಿಲ್ಲ.

"ನೋಡು," ಎಂದಳು ಓಬಳಮ್ಮ. "ಇವತ್ತು ಕೆಸರು ತಳ್ತಿದ್ವಿ. ನಾಳೆ ಒಗೀತಿದ್ವಿ."

ಕಾವಲುಗಾರ ಗೇಟಿನಿಂದ ಬಂದ. ಉದ್ಘಾಟನೆಯ ದಿನ ನನ್ನನ್ನು ನೋಡಿದ್ದನಂತೆ. "ಮೇಡಂ, ನೀವಾ, ಬನ್ನಿ ಒಳಗೆ. ನಿಮ್ಮ ಗೆರೆ ಹತ್ತಿರಾನೇ ಬಂದಿತ್ತು ನೀರು, ನೋಡಿ ಬನ್ನಿ." ನಾನು ಓಬಳಮ್ಮನ ಕೈ ಹಿಡಿದೆ. ಅವನು ತಲೆ ಕೆರೆದುಕೊಂಡ. "ಗಂಟು ತಗೊಂಡು ಬಿಡಂಗಿಲ್ಲ ಮೇಡಂ. ಬೈತಾರೆ."

"ಹೋಗ್ ಬಾರಮ್ಮ," ಎಂದಳು ಓಬಳಮ್ಮ. "ಇಲ್ಲೇ ಇರ್ತೀನಿ."

ನಾನು ಹೋದೆ. ಹೋಗದೆ ಇರಬಹುದಿತ್ತು. ದೋಣಿಮನೆಯ ಕೆಳಗೆ, ದಂಡೆಯ ಗೋಡೆಯ ಮೇಲೆ ಗೆರೆಯನ್ನು ಬಿಳಿ ಬಣ್ಣದಲ್ಲಿ ಬರೆದಿದ್ದರು. ಕೆಸರಿನ ಕಲೆ ಅದಕ್ಕಿಂತ ಎರಡು ಬೆರಳು ಕೆಳಗೆ ನಿಂತಿತ್ತು. ಬಗ್ಗಿ ಬೆರಳಿಟ್ಟು ನೋಡಿದೆ. ಆ ಕ್ಷಣ ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಹೊರಗೆ ಬಂದಾಗ ಅವಳು ಅಲ್ಲೇ ಇದ್ದಳು.

"ಸರಿ ಇತ್ತಾ ನಿನ್ ಗೆರೆ?"

"ಸರಿ ಇತ್ತು ಅವ್ವ."

ಓಬಳಮ್ಮ ಸಿಂಬೆ ಸರಿಮಾಡಿಕೊಂಡು, "ಗಂಟಿಗೆ ಕೈ ಹಾಕು" ಎಂದಳು. ಎತ್ತಿ ಅವಳ ತಲೆಯ ಮೇಲಿಟ್ಟೆ. ಕರೆಂಟು ಹೋಗುವ ಹೊತ್ತಾಯಿತೆಂದು ಬೋರ್‌ವೆಲ್ ಕಡೆ ಬೇಗ ಬೇಗ ನಡೆದುಬಿಟ್ಟಳು.